ಊದಿದವರ ಹೆಸರಿಲ್ಲದ ಗಾಜು

ಎರಡನೆಯ ಮಹಾಯುದ್ಧ ಮುಗಿದಾಗ ಫಿನ್ಲೆಂಡ್ ಸೋತು ಸುಣ್ಣವಾಗಿದ್ದ ದೇಶ. ಜನಸಂಖ್ಯೆ ನಲವತ್ತು ಲಕ್ಷದ ಆಸುಪಾಸು. ನೆರೆಯ ಸೋವಿಯತ್ ಒಕ್ಕೂಟಕ್ಕೆ ಹಡಗು, ಯಂತ್ರ, ಮರಮುಟ್ಟಿನ ರೂಪದಲ್ಲಿ ಯುದ್ಧದಂಡ ಕಟ್ಟಬೇಕಿತ್ತು. ಆ ಸಾಲ ತೀರಿದ್ದು 1952ರಲ್ಲಿ. ಅಂಥ ಹೊತ್ತಿನಲ್ಲಿ, 1951ರಲ್ಲಿ, ಇಟಲಿಯ ಮಿಲಾನ್ ನಗರದ ವಿನ್ಯಾಸ ಮೇಳದಲ್ಲಿ ಈ ಪುಟ್ಟ ದೇಶದ ವಿನ್ಯಾಸಕಾರ ತಾಪಿಯೊ ವಿರ್ಕಲ ಒಬ್ಬರೇ ಮೂರು ಗ್ರಾಂ ಪ್ರಿ ಪ್ರಶಸ್ತಿಗಳನ್ನು ಗೆದ್ದರು. 1954ರ ಮೇಳದಲ್ಲಿ ಮತ್ತೆ ಮೂರು. ಅದೇ ವರ್ಷ ತಿಮೊ ಸಾರ್ಪನೆವ ಎಂಬ ತರುಣ ಗಾಜಿನ ಕಲಾವಿದನಿಗೂ ಗ್ರಾಂ ಪ್ರಿ ಬಂತು. ಫಿನ್ಲೆಂಡಿನ ಗಾಜು ಎಂದರೆ ಜಗತ್ತು ತಿರುಗಿ ನೋಡುವ ಕಾಲ ಶುರುವಾದದ್ದು ಹೀಗೆ.

ಆ ಗಾಜು ಅಂಗಡಿಗಳಿಂದ, ಕಾರ್ಖಾನೆಗಳಿಂದ, ಉಡುಗೊರೆಯಾಗಿ, ನೆನಪಿನ ಕಾಣಿಕೆಯಾಗಿ ಊರೂರು ಸುತ್ತಿತು. ಕೊಂಡವರು ಹೋದರು, ವಸ್ತು ಉಳಿಯಿತು. ಈಗ ಮಕ್ಕಳು, ಮೊಮ್ಮಕ್ಕಳು ಅದನ್ನು ಕೈಯಲ್ಲಿ ಹಿಡಿದು, ಇದು ಏನು, ಯಾರು ಮಾಡಿದ್ದು ಎಂದು ಕೇಳುತ್ತಿದ್ದಾರೆ. ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಯಾವುದು ಎಂಬುದೇ ಇವತ್ತಿನ ನನ್ನ ಮಾತು.

ನಮ್ಮ ಕುಟುಂಬಕ್ಕೂ ಅಂಥದೊಂದು ವಸ್ತು ಬಂದಿದೆ. ದೊಡ್ಡಪ್ಪ ಕಾಗದದ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಅರವತ್ತರ ದಶಕದ ಕೊನೆಯಲ್ಲಿ ಯಂತ್ರಗಳ ತರಬೇತಿಗೆಂದು ಫಿನ್ಲೆಂಡಿಗೆ ಹೋಗಿ ಬಂದರು. ಬರುವಾಗ ಉಣ್ಣೆ ಕೋಟಿನಲ್ಲಿ ಸುತ್ತಿ ಒಂದು ಹೂದಾನಿ ತಂದರು. ಬಣ್ಣವಿಲ್ಲ, ಹೂಬಳ್ಳಿಯ ಕೆತ್ತನೆ ಇಲ್ಲ. ದಪ್ಪ ತಿಳಿಗಾಜು, ಹೊರಮೈ ತುಂಬ ಮರದ ತೊಗಟೆಯ ಹಾಗೆ ಒರಟು ಗೀರು, ಉಬ್ಬು, ತಗ್ಗು. ಮನೆಗೆ ಬಂದವರು ಅದನ್ನು ನೋಡಿ ಇದು ಬೆಂಕಿಗೆ ಸಿಕ್ಕಿ ಹಾಳಾದ ಗಾಜೇ ಎಂದು ಕೇಳಿದ್ದುಂಟು. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಅದನ್ನು ನನಗೆ ಕೊಟ್ಟರು. ಕೊಡುವಾಗ ಎರಡು ಮಾತು ಹೇಳಿದರು. ಒಂದು: "ತಿಮೊ ಅಂತ ಅಲ್ಲಿ ಯಾರೋ ಸ್ನೇಹಿತರಿದ್ರಂತೆ ಕಣೇ, ಅವರು ಕೊಟ್ಟಿದ್ದು. ತಳದಲ್ಲಿ ಹೆಸರು ಬರ್ಕೊಟ್ಟಿದಾರೆ ನೋಡು." ಇನ್ನೊಂದು: "ಇದು ಸುಟ್ಟ ಮರದ ಹೊಟ್ಟೇಲಿ ಹುಟ್ಟಿದ್ದು ಅಂತಿದ್ರು ನಿಮ್ಮ ದೊಡ್ಡಪ್ಪ. ಅದೇನು ಕಥೆಯೋ."

ಆ ಎರಡು ಮಾತುಗಳಲ್ಲಿ ನಂಬುವಂತೆ ಕಂಡದ್ದು ಮೊದಲನೆಯದು. ಎರಡನೆಯದು ಮಕ್ಕಳನ್ನು ರಂಜಿಸಲು ಕಟ್ಟಿದ ಕಥೆ ಎಂದು ಮನೆಯವರೆಲ್ಲ ತಿಳಿದಿದ್ದರು. ಹುಡುಕುತ್ತ ಹೋದಾಗ ಗೊತ್ತಾದದ್ದು ತದ್ವಿರುದ್ಧ. ತಳದ ಹೆಸರು ಕೊಟ್ಟವರದ್ದಲ್ಲ, ವಿನ್ಯಾಸಕಾರರದ್ದು. ಸುಟ್ಟ ಮರದ ಹೊಟ್ಟೆಯ ಕಥೆ ಮಾತ್ರ ಅಕ್ಷರಶಃ ನಿಜ. ಮನೆಯ ಹಿರಿಯರ ಮಾತನ್ನು ಕಥೆಯೆಂದು ಬದಿಗಿಡಬಾರದು, ಹಾಗೆಂದು ಪೂರ್ತಿ ಒಪ್ಪಿಕೊಳ್ಳಲೂಬಾರದು. ಅದನ್ನು ಬರೆದಿಟ್ಟುಕೊಂಡು, ವಸ್ತುವಿನ ಮೈಮೇಲಿನ ಗುರುತುಗಳ ಜೊತೆ ಒರೆಹಚ್ಚಿ ನೋಡಬೇಕು.

ಬಹಳ ಜನ ಮೊದಲು ವಸ್ತುವನ್ನು ತಿರುಗಿಸಿ ಸಹಿ ಹುಡುಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸಹಿಯನ್ನು ಕೊನೆಗೆ ನೋಡಬೇಕು. ಸಹಿ ಸಿಕ್ಕೊಡನೆ ಕಣ್ಣು ಮುಂದಕ್ಕೆ ಹುಡುಕುವುದನ್ನು ಬಿಟ್ಟುಬಿಡುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಹೇಗೆ ಮಾಡಿದರು ಎಂಬುದು.

ಗಾಜಿನ ವಸ್ತುವಿಗೆ ರೂಪ ಕೊಡುವ ದಾರಿಗಳು ಕೆಲವೇ. ಕರಗಿದ ಗಾಜನ್ನು ಲೋಹದ ಅಚ್ಚಿಗೆ ಸುರಿದು, ಮೇಲಿಂದ ಇನ್ನೊಂದು ಅಚ್ಚನ್ನು ಒತ್ತಿದರೆ ಒತ್ತುಗಾಜು. ಅದರಲ್ಲಿ ಒಳಮೈಯೂ ಅಚ್ಚಿನದೇ, ಹೊರಮೈಯೂ ಅಚ್ಚಿನದೇ. ಗೋಡೆಯ ದಪ್ಪ ಎಲ್ಲೆಡೆ ಲೆಕ್ಕಾಚಾರದಂತೆ ಇರುತ್ತದೆ. ಫಿನ್ಲೆಂಡಿನ ವಿನ್ಯಾಸಗಾರ್ತಿ ಐನೊ ಆಲ್ತೊ 1932ರಲ್ಲಿ ರೂಪಿಸಿದ, ಉಂಗುರ ಉಂಗುರವಾಗಿ ಅಲೆಯೇಳುವ ಲೋಟಗಳು ಈ ಬಗೆಯವು. ಕೊಳವೆಯ ತುದಿಗೆ ಗಾಜಿನ ಉಂಡೆ ತೆಗೆದು ಅಚ್ಚಿನೊಳಗೆ ಊದಿದರೆ ಹೊರಮೈ ಮಾತ್ರ ಅಚ್ಚನ್ನು ಮುಟ್ಟುತ್ತದೆ. ಒಳಮೈ ಉಸಿರು ಮಾಡಿದ್ದು. ಬೆರಳನ್ನು ಒಳಗಿಳಿಸಿ ಸವರಿದರೆ ಈ ವ್ಯತ್ಯಾಸ ತಿಳಿಯುತ್ತದೆ. ದೊಡ್ಡಪ್ಪನ ಹೂದಾನಿಯ ಹೊರಗೆ ತೊಗಟೆಯ ಒರಟು, ಒಳಗೆ ಮೆತ್ತಗೆ ಏರಿಳಿಯುವ ನುಣುಪು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತುಸು ತೆಳು. ಅಂದರೆ ಇದು ಯಾರೋ ಊದಿದ ಗಾಜು.

ಊದಿದ ಗಾಜಿನಲ್ಲೂ ಅಚ್ಚಿನೊಳಗೆ ಅದನ್ನು ತಿರುಗಿಸಿದರೇ ಇಲ್ಲವೇ ಎಂದು ನೋಡಬೇಕು. ದುಂಡನೆಯ ಲೋಟ, ಹೂಜಿಗಳನ್ನು ನೀರಿನಲ್ಲಿ ನೆನೆಸಿದ ಮರದ ಅಚ್ಚಿನೊಳಗೆ ಊದುತ್ತಲೇ ಸುತ್ತಿಸುತ್ತಾರೆ. ಬಿಸಿ ತಾಗಿದ ಹಸಿಮರದಿಂದ ಆವಿ ಏಳುತ್ತದೆ. ಗಾಜಿಗೂ ಮರಕ್ಕೂ ನಡುವೆ ಆ ಆವಿಯ ಪದರ ನಿಲ್ಲುವುದರಿಂದ ಮೇಲ್ಮೈ ಹೊಳೆಯುತ್ತದೆ, ಅಚ್ಚಿನ ಎರಡು ಹೋಳು ಸೇರುವ ಗೆರೆ ಮೂಡುವುದೇ ಇಲ್ಲ. ವಸ್ತು ದುಂಡಗಿಲ್ಲದಿದ್ದರೆ ಸುತ್ತಿಸಲು ಬರುವುದಿಲ್ಲ. ಆಗ ಗೆರೆ ಉಳಿಯುತ್ತದೆ. ಅದೇ ದೇಶದ ವಿನ್ಯಾಸಕಾರ ಆಲ್ವರ್ ಆಲ್ತೊ 1936ರಲ್ಲಿ ರೂಪಿಸಿದ, ಕೆರೆದಂಡೆಯ ಹಾಗೆ ಬಾಗಿ ಬಳುಕುವ ಪ್ರಸಿದ್ಧ ಹೂದಾನಿಯಲ್ಲಿ ಈ ಗೆರೆಯನ್ನು ಕಾಣಬಹುದು. 1937ರ ಪ್ಯಾರಿಸ್ ವಿಶ್ವಮೇಳದಲ್ಲಿ ಪ್ರದರ್ಶನಗೊಂಡು, ಹೆಲ್ಸಿಂಕಿಯ ಸವಾಯ್ ರೆಸ್ಟೊರೆಂಟಿನ ಹೆಸರಿನಿಂದ ಮನೆಮಾತಾದ ಹೂದಾನಿ ಅದು. ಅದರ ಹಳೆಯ ಪ್ರತಿಗಳನ್ನು ಮರದ ಅಚ್ಚಿನಲ್ಲಿ ಊದಿದರು, ಆಮೇಲಿನವನ್ನು ಲೋಹದ ಅಚ್ಚಿನಲ್ಲಿ. ಮರದ ಅಚ್ಚಿನಿಂದ ಬಂದ ಗಾಜಿನ ಮೈಮೇಲೆ ಬೆಳಕು ಸ್ವಲ್ಪ ತೊನೆಯುತ್ತದೆ.

ಈಗ ನಮ್ಮ ಹೂದಾನಿಯ ಹತ್ತಿರ ಬರೋಣ. 1964ರ ಹೊತ್ತಿಗೆ ತಿಮೊ ಸಾರ್ಪನೆವ ಈತ್ತಲ ಎಂಬ ಗಾಜಿನ ಕಾರ್ಖಾನೆಯಲ್ಲಿ ಒಂದು ಪ್ರಯೋಗ ಮಾಡಿದರು. ಅಲ್ಲಿಯವರೆಗೆ ಗಾಜಿನ ಕೆಲಸದವರಿಗೆ ಅಚ್ಚಿನ ಮರ ಸುಡುವುದು ಒಂದು ತೊಂದರೆ. ಸುಟ್ಟ ಅಚ್ಚು ಮೇಲ್ಮೈಯನ್ನು ಕೆಡಿಸುತ್ತದೆ, ಅದನ್ನು ಎಸೆದು ಹೊಸದು ಮಾಡಬೇಕು. ಸಾರ್ಪನೆವ ಆ ಸುಡುವಿಕೆಯನ್ನೇ ಬಯಸಿ ಕರೆದರು. ಮರದ ಅಚ್ಚಿನ ಒಳಮೈಯನ್ನು ಬೇಕೆಂದೇ ಸುಟ್ಟರು. ಇದ್ದಿಲಾದ ಆ ಗೋಡೆಗೆ ಕೆಂಪಗೆ ಕಾದ ಗಾಜನ್ನು ಊದಿಸಿದರು. ಸುಟ್ಟ ಮರದ ನಾರು, ಬಿರುಕು, ಗಂಟು ಎಲ್ಲವೂ ಗಾಜಿನ ಮೇಲೆ ಅಚ್ಚೊತ್ತಿದವು. ಪ್ರತಿ ಸಲ ಊದಿದಾಗಲೂ ಬಿಸಿಗಾಜು ಅಚ್ಚನ್ನು ಇನ್ನಷ್ಟು ಸುಡುವುದರಿಂದ ಒಂದು ವಸ್ತುವಿನ ಹಾಗೆ ಇನ್ನೊಂದು ಬರಲೇ ಇಲ್ಲ. ಈ ಸರಣಿಗೆ ಅವರು ಫಿನ್ಲಾಂಡಿಯ ಎಂದು ಹೆಸರಿಟ್ಟರು. ಸುಟ್ಟ ಮರದ ಹೊಟ್ಟೆಯಲ್ಲಿ ಹುಟ್ಟಿದ್ದು ಎಂದು ದೊಡ್ಡಪ್ಪ ಹೇಳಿದ್ದು ಇದನ್ನೇ. ಬಹುಶಃ ಕಾರ್ಖಾನೆಯಲ್ಲೋ ಅಂಗಡಿಯಲ್ಲೋ ಯಾರೋ ಅವರಿಗೆ ವಿವರಿಸಿರಬೇಕು; ಎಂಜಿನಿಯರ್ ಆದ್ದರಿಂದ ಅವರ ಮನಸ್ಸಿನಲ್ಲಿ ಉಳಿದದ್ದು ಕಲಾವಿದನ ಹೆಸರಲ್ಲ, ಮಾಡಿದ ಬಗೆ.

ಕಾಗದದ ಎಂಜಿನಿಯರ್‌ಗೂ ಗಾಜಿಗೂ ಎಲ್ಲಿಯ ನಂಟು ಎಂದು ನಿಮಗೆ ಅನ್ನಿಸಬಹುದು. ಫಿನ್ಲೆಂಡಿನಲ್ಲಿ ಆ ನಂಟು ಬಹಳ ಹತ್ತಿರದ್ದು. ಈತ್ತಲ ಗಾಜಿನ ಕಾರ್ಖಾನೆ ಶುರುವಾದದ್ದು 1881ರಲ್ಲಿ, ಸ್ವೀಡನ್ನಿನಿಂದ ಬಂದ ಒಬ್ಬ ಊದುಗಾರನ ಕೈಯಲ್ಲಿ. 1917ರ ಹೊತ್ತಿಗೆ ಅದು ಆಲ್‌ಸ್ಟ್ರೋಮ್ ಎಂಬ ದೊಡ್ಡ ಸಂಸ್ಥೆಯ ಪಾಲಾಯಿತು. ಆಲ್‌ಸ್ಟ್ರೋಮ್‌ನದು ಮುಖ್ಯವಾಗಿ ಮರ, ಕಾಗದ, ಯಂತ್ರಗಳ ಉದ್ಯಮ. ಕಾರ್ಹುಲ ಎಂಬ ಊರಿನಲ್ಲಿ ಅದಕ್ಕೆ ಗಾಜಿನ ಕಾರ್ಖಾನೆಯೂ ಇತ್ತು, ಯಂತ್ರದ ಕಾರ್ಖಾನೆಯೂ ಇತ್ತು. ಇನ್ನೊಂದು ಗಾಜಿನ ಮನೆತನ ನೂತಯಾರ್ವಿ. 1793ರಲ್ಲಿ ಹುಟ್ಟಿದ ಅದನ್ನು 1950ರಲ್ಲಿ ಕೊಂಡದ್ದು ಹಡಗು ಕಟ್ಟುವ ವ್ಯಾರ್ಟ್ಸಿಲ ಕಂಪನಿ. ಕಾಗದದ ಯಂತ್ರ, ಹಡಗುಗಳ ವ್ಯವಹಾರಕ್ಕೆ ಹೋದವರ ಪೆಟ್ಟಿಗೆಯಲ್ಲಿ ಕಲಾಗಾಜು ಸೇರಿಕೊಂಡರೆ ಅಚ್ಚರಿಯಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಕಾಗದ, ಮರದ ತಿರುಳು, ಹಡಗು ಅಥವಾ ಇತ್ತೀಚಿನ ದೂರವಾಣಿ ಉದ್ಯಮದ ಕೆಲಸಕ್ಕೆ ಆ ದೇಶಕ್ಕೆ ಹೋಗಿ ಬಂದಿದ್ದರೆ, ಷೋಕೇಸಿನ ಗಾಜನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು.

ಕಾಲ ಗೊತ್ತುಮಾಡಲು ನಮಗೆ ನೆರವಾದದ್ದು ದೊಡ್ಡಪ್ಪನ ಹಳೆಯ ಪಾಸ್‌ಪೋರ್ಟ್. ಟ್ರಂಕಿನಲ್ಲಿ ಪಿಂಚಣಿ ಕಾಗದಗಳ ಕೆಳಗೆ ಇತ್ತು. ಅದರಲ್ಲಿ ಹೆಲ್ಸಿಂಕಿಯಿಂದ ಹೊರಟ ಮೊಹರು 1968ರದು. ವಿನ್ಯಾಸ 1964ರದು, ವಸ್ತು ಭಾರತಕ್ಕೆ ಬಂದದ್ದು 1968ರಲ್ಲಿ. ಹಾಗಾದರೆ ಊದಿದ್ದು ಈ ನಾಲ್ಕು ವರ್ಷಗಳ ನಡುವೆ. ತಜ್ಞರೂ ಗಾಜು ನೋಡಿ ಇಷ್ಟು ಹತ್ತಿರದ ಕಾಲ ಹೇಳುವುದು ಕಷ್ಟ. ವಸ್ತುವಿನ ಜೊತೆಗೆ ಬಂದ ಕಾಗದಗಳಿಗೆ ಅಷ್ಟು ಬೆಲೆ. ಟಿಕೆಟ್ಟು, ಫೋಟೋ, ಪತ್ರ, ಸುಂಕದ ರಸೀದಿ, ಪೊಟ್ಟಣದ ರಟ್ಟು, ಯಾವುದನ್ನೂ ದಯವಿಟ್ಟು ಎಸೆಯಬೇಡಿ. ಮನೆ ಖಾಲಿ ಮಾಡುವಾಗ ಗಾಜನ್ನು ಜೋಪಾನವಾಗಿ ತೆಗೆದಿಟ್ಟು, ಅದರ ಜಾತಕವನ್ನು ರದ್ದಿಗೆ ಹಾಕುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡು ಸಂಕಟಪಟ್ಟಿದ್ದೇನೆ.

ಇಷ್ಟಾದ ಮೇಲೆ ತಳವನ್ನು ನೋಡೋಣ.

ಫಿನ್ಲೆಂಡಿನ ಗಾಜಿನ ಮೇಲಿನ ಬರಹ ಬಹುಮಟ್ಟಿಗೆ ಸೂಜಿಮೊನೆಯಂಥ ಉಪಕರಣದಿಂದ ಕೈಯಲ್ಲಿ ಗೀಚಿದ್ದು. ಹಗಲು ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಬೇಕು. ಕೆಳಗೆ ಕಪ್ಪು ಬಟ್ಟೆ ಹಾಸಿ, ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ಹಗುರವಾಗಿ ಸವರಿ, ಮೇಲಿನದನ್ನು ಹತ್ತಿಯಿಂದ ಒರೆಸಿದರೆ ಗೀರಿನೊಳಗೆ ಪುಡಿ ನಿಂತು ಅಕ್ಷರ ಎದ್ದು ಬರುತ್ತದೆ. ನಮ್ಮ ಹೂದಾನಿಯಲ್ಲಿ ಹೀಗೆ ಎದ್ದು ಬಂದದ್ದು ರೋಮನ್ ದೊಡ್ಡಕ್ಷರಗಳಲ್ಲಿ ತಿಮೊ ಸಾರ್ಪನೆವ ಎಂಬ ಪೂರ್ತಿ ಹೆಸರು, ಮುಂದೆ ನಾಲ್ಕು ಅಂಕೆ. ದೊಡ್ಡಮ್ಮ ಓದಿದ್ದು ಮೊದಲ ಹೆಸರನ್ನು ಮಾತ್ರ. ಉಳಿದದ್ದು ಅಷ್ಟು ಮಸುಕಾಗಿತ್ತು.

ನಾಲ್ಕು ಅಂಕೆ ಕಂಡೊಡನೆ ಇಸವಿ ಎಂದುಕೊಳ್ಳುವವರು ಬಹಳ. ಅದು ಮಾದರಿಯ ಸಂಖ್ಯೆ. ಆಲ್ತೊ ಹೂದಾನಿಗಳ ತಳದಲ್ಲಿ ಕಾಣುವ 3030 ಇಂಥದೇ ಒಂದು ಸಂಖ್ಯೆ. ಐವತ್ತರ ದಶಕದ ಈತ್ತಲ ಗಾಜಿನಲ್ಲಿ ವಿನ್ಯಾಸಕಾರರ ಹೆಸರು, ಈತ್ತಲ ಎಂಬ ಊರಿನ ಹೆಸರು, ಆಮೇಲೆ ಅಡ್ಡಗೆರೆ ಎಳೆದು 57 ಎಂಬಂತೆ ಎರಡೇ ಅಂಕೆ ಇರುತ್ತವೆ. ಅದು ಇಸವಿ, ಆ ವಸ್ತು ತಯಾರಾದ ವರ್ಷ. ವಿನ್ಯಾಸ ಹುಟ್ಟಿದ ವರ್ಷ ಬೇರೆ, ವಸ್ತು ಹುಟ್ಟಿದ ವರ್ಷ ಬೇರೆ ಎಂಬುದನ್ನು ಮರೆಯಬಾರದು. ನೂತಯಾರ್ವಿಯಲ್ಲಿ ಗುನ್ನೆಲ್ ನೀಮನ್ ಎಂಬ ಅದ್ಭುತ ಕಲಾವಿದೆ ಇದ್ದರು. ದಪ್ಪ ತಿಳಿಗಾಜಿನೊಳಗೆ ಬಿಳಿ ಎಳೆಯನ್ನೋ ಸಾಲುಸಾಲು ಗಾಳಿಗುಳ್ಳೆಗಳನ್ನೋ ತೇಲಿಸಿಟ್ಟವರು. 1948ರಲ್ಲಿ, ನಲವತ್ತು ದಾಟುವ ಮೊದಲೇ ತೀರಿಕೊಂಡರು. ಅವರ ವಿನ್ಯಾಸಗಳನ್ನು ಕಾರ್ಖಾನೆ ಆಮೇಲೂ ವರ್ಷಗಟ್ಟಲೆ ತಯಾರಿಸಿತು. ಅವರ ಹೆಸರಿನ ಮುಂದೆ ಐವತ್ತರ ದಶಕದ ಇಸವಿ ಕಂಡರೆ ಅದನ್ನು ನಕಲಿ ಎಂದು ತಳ್ಳಿಹಾಕಬಾರದು. ಆಲ್ತೊ ಹೂದಾನಿಯಂತೂ ಇವತ್ತಿಗೂ ತಯಾರಾಗುತ್ತಿದೆ. ಮಾರುವವರು 1936 ಎಂದು ಬರೆದರೆ ಅದು ವಿನ್ಯಾಸದ ವರ್ಷ. ನಿಮ್ಮ ಕೈಯಲ್ಲಿರುವುದು ಹೋದ ವರ್ಷದ್ದೂ ಇರಬಹುದು.

ನೂತಯಾರ್ವಿಯ ಗಾಜನ್ನು ಗುರುತಿಸುವಾಗ ಇನ್ನೊಂದು ತೊಡಕಿದೆ. ಫಿನ್ಲೆಂಡಿನಲ್ಲಿ ಫಿನ್ನಿಷ್ ಜೊತೆಗೆ ಸ್ವೀಡಿಷ್ ಕೂಡ ಆಡಳಿತ ಭಾಷೆ. ನೂತಯಾರ್ವಿ ಊರಿಗೆ ಸ್ವೀಡಿಷ್‌ನಲ್ಲಿ ನೋಟ್‌ಶೋ ಎಂದು ಹೆಸರು. ಎಷ್ಟೋ ವಸ್ತುಗಳ ತಳದಲ್ಲಿ ಎರಡೂ ಹೆಸರು ಒಟ್ಟಿಗೆ ಇರುತ್ತವೆ. ಗೊತ್ತಿಲ್ಲದವರು ಎರಡನೆಯದನ್ನು ಕಲಾವಿದನ ಹೆಸರೆಂದು ಹುಡುಕುತ್ತ ವೃಥಾ ಅಲೆಯುತ್ತಾರೆ.

ಕಾಗದದ ಚೀಟಿಗಳೂ ಸಾಕ್ಷಿಯೇ. ಈತ್ತಲದ ಕೆಂಪು ವೃತ್ತದೊಳಗಿನ ಬಿಳಿಯ ಐ ಅಕ್ಷರ ಬಹಳ ಪರಿಚಿತ. ಅದನ್ನು ಬರೆದವರು ಇದೇ ಸಾರ್ಪನೆವ, 1956ರಲ್ಲಿ, ತಮ್ಮ ಒಂದು ಲೋಟ ತಟ್ಟೆಗಳ ಸರಣಿಗಾಗಿ. ಆಮೇಲೆ ಅದು ಇಡೀ ಕಾರ್ಖಾನೆಯ ಗುರುತಾಯಿತು. 2024ರಲ್ಲಿ ಕಂಪನಿ ಆ ಗುರುತನ್ನು ಬದಲಿಸಿತು. ಗುರುತು ಹುಟ್ಟಿದ ವರ್ಷ ಗೊತ್ತಿರುವುದರಿಂದ, ಆ ಕೆಂಪು ಚುಕ್ಕೆ ಅಂಟಿದ ವಸ್ತು 1956ಕ್ಕಿಂತ ಹಳೆಯದಾಗಿರಲಾರದು. ಆದರೆ ಚೀಟಿಯನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಬಹುದು. ಅದೊಂದನ್ನೇ ನಂಬಿ ಕೂರಬಾರದು.

ಸಹಿಯನ್ನೂ ಆಮೇಲೆ ಗೀಚಬಹುದು. ಪ್ರಸಿದ್ಧರ ಹೆಸರಿಗೆ ಬೆಲೆ ಇರುವಾಗ ಇದು ನಡೆಯುತ್ತದೆ. ಇದನ್ನು ಕಂಡುಹಿಡಿಯಲು ಭೂತಗನ್ನಡಿ ಸಾಕು. ಹತ್ತಾರು ವರ್ಷ ಮೇಜು, ಕಪಾಟುಗಳ ಮೇಲೆ ಕೂತ ಗಾಜಿನ ತಳದಲ್ಲಿ ಸಣ್ಣ ಸಣ್ಣ ಗೀರುಗಳು ಮನಬಂದ ದಿಕ್ಕಿನಲ್ಲಿ ಹರಡಿರುತ್ತವೆ. ಸಹಿ ಹಳೆಯದಾದರೆ ಆ ಗೀರುಗಳು ಅಕ್ಷರಗಳ ಮೇಲೆ ಹಾದುಹೋಗಿರುತ್ತವೆ, ಅಕ್ಷರಗಳ ಅಂಚು ಸವೆದಿರುತ್ತದೆ. ಅಕ್ಷರವೇ ಗೀರುಗಳನ್ನು ಕಡಿದುಕೊಂಡು ಹೋಗಿದ್ದರೆ, ಅಂಚು ಹರಿತವಾಗಿದ್ದು ಬೆಳ್ಳಗೆ ಪುಡಿಪುಡಿಯಾಗಿ ಕಂಡರೆ, ಆ ಸಹಿ ಹೊಸದು. ತಳದ ಗೀರುಗಳೆಲ್ಲ ಒಂದೇ ದಿಕ್ಕಿಗೆ ಇದ್ದರೆ ಯಾರೋ ಮರಳುಕಾಗದದಿಂದ ಉಜ್ಜಿ ಹಳತನದ ವೇಷ ಹಾಕಿದ್ದಾರೆ ಎಂದೇ ತಿಳಿಯಬೇಕು.

ಸಹಿಯೇ ಇಲ್ಲದ ಗಾಜಿನ ಕಥೆ ಇನ್ನೂ ದೊಡ್ಡದು, ನನಗೆ ಇನ್ನೂ ಪ್ರಿಯವಾದದ್ದು. ಹೆಲ್ಸಿಂಕಿಯ ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ರೀಹಿಮ್ಯಾಕಿ ಎಂಬ ಊರಿದೆ. 1910ರಲ್ಲಿ ಅಲ್ಲಿ ಒಂದು ಗಾಜಿನ ಕಾರ್ಖಾನೆ ಹುಟ್ಟಿತು. ಕಿಟಕಿ ಗಾಜು, ಶೀಸೆ, ಭರಣಿ ಎಲ್ಲವನ್ನೂ ಮಾಡುತ್ತಿತ್ತು. ಅರವತ್ತು ಎಪ್ಪತ್ತರ ದಶಕದಲ್ಲಿ ಅಲ್ಲಿ ಹೆಲೆನ ತೀನೆಲ್, ನಾನ್ನಿ ಸ್ಟಿಲ್, ತಮಾರ ಅಲಾದಿನ್ ಎಂಬ ಮೂವರು ಹೆಂಗಸರು ಬಣ್ಣದ ಹಬ್ಬವನ್ನೇ ನಡೆಸಿದರು. ತೀನೆಲ್ ಅವರ ಸೂರ್ಯನ ಶೀಸೆ, ದುಂಡನೆಯ ಚಪ್ಪಟೆ ಮೈಮೇಲೆ ಉಬ್ಬಿದ ಸೂರ್ಯ, ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಅಲಾದಿನ್ ಅವರ ಹೂದಾನಿಗಳು ಮೇಲಿಂದ ಕೆಳಕ್ಕೆ ಉಬ್ಬಿ, ಸೊಂಟ ಕಟ್ಟಿ, ಮತ್ತೆ ಉಬ್ಬುವ ಆಕಾರದವು. ಗಾಢ ಕೆಂಪು, ಕಡುನೀಲಿ, ಹಸಿರು, ಜೇನಿನ ಬಣ್ಣ. ಬಣ್ಣದ ಗಾಜಿನ ಮೇಲೆ ತಿಳಿಗಾಜಿನ ಇನ್ನೊಂದು ಪದರ ತೊಡಿಸಿರುವುದರಿಂದ ಅಂಚಿನಲ್ಲಿ ನೋಡಿದರೆ ಎರಡು ಪದರಗಳು ಬೇರೆ ಬೇರೆಯಾಗಿ ಕಾಣುತ್ತವೆ. ಇವುಗಳಲ್ಲಿ ಬಹುಪಾಲಿಗೆ ಸಹಿ ಇಲ್ಲ. ಚೀಟಿ ಇದ್ದರೆ ಅದರ ಮೇಲೆ ಲಿಂಕ್ಸ್ ಎಂಬ ಕಾಡುಬೆಕ್ಕಿನ ಚಿತ್ರ ಇರುತ್ತದೆ. ಚೀಟಿ ತೊಳೆದುಹೋದರೆ ಏನೂ ಇಲ್ಲ.

ಇಂಥದ್ದನ್ನು ಗುರುತಿಸಲು ಅಳತೆಯೇ ದಾರಿ. ಕಾರ್ಖಾನೆಗಳು ತಮ್ಮ ವ್ಯಾಪಾರಿಗಳಿಗೆ ಚಿತ್ರಸಹಿತ ಪಟ್ಟಿಗಳನ್ನು ಅಚ್ಚು ಮಾಡಿಸುತ್ತಿದ್ದವು. ಅವುಗಳಲ್ಲಿ ಮಾದರಿ ಸಂಖ್ಯೆ, ಎತ್ತರ, ಬಣ್ಣ ಕೊಟ್ಟಿರುತ್ತದೆ. ನಿಮ್ಮ ಹೂದಾನಿಯ ಎತ್ತರ, ಬಾಯಿಯ ಅಗಲ, ತಳದ ಅಗಲವನ್ನು ಮಿಲಿಮೀಟರಿನಲ್ಲಿ ಬರೆದುಕೊಂಡು ಪಟ್ಟಿಯ ಚಿತ್ರದ ಜೊತೆ ಹೋಲಿಸಬೇಕು. ಕೈಕೆಲಸವಾದ್ದರಿಂದ ನಾಲ್ಕೈದು ಮಿಲಿಮೀಟರ್ ಹೆಚ್ಚು ಕಡಿಮೆ ಇರಬಹುದು. ಆದರೆ ಆಕಾರದ ಸಾಲು, ಎಷ್ಟನೆಯ ಉಬ್ಬು ದೊಡ್ಡದು, ಕಟ್ಟು ಎಲ್ಲಿ ಬರುತ್ತದೆ ಎಂಬುದು ಅಚ್ಚಿನಿಂದ ಬಂದದ್ದು, ಅದು ಬದಲಾಗುವುದಿಲ್ಲ. ಇದೇ ಕಾಲದಲ್ಲಿ ಸ್ವೀಡನ್ನಿನ ಕಾರ್ಖಾನೆಗಳೂ ಇಂಥದೇ ಬಣ್ಣ, ಇಂಥದೇ ಉಬ್ಬುತಗ್ಗಿನ ಹೂದಾನಿ ಮಾಡಿದವು. ಬಣ್ಣ ನೋಡಿ, ಚೆಂದ ನೋಡಿ ಅಲಾದಿನ್ ಎಂದು ಹೇಳಿಬಿಡುವವರು ಮಾರುಕಟ್ಟೆಯಲ್ಲಿ ತುಂಬಾ ಇದ್ದಾರೆ. ಪಟ್ಟಿಯಲ್ಲಿ ಸಿಗುವವರೆಗೆ ಹೆಸರು ಇಡದಿರುವುದೇ ಆ ಕಲಾವಿದೆಗೆ ನಾವು ತೋರುವ ಗೌರವ.

ರೀಹಿಮ್ಯಾಕಿಯಲ್ಲಿ ಕೈಯಿಂದ ಊದುವ ಕೆಲಸ 1976ರಲ್ಲಿ ನಿಂತಿತು. 1990ರಲ್ಲಿ ಕಾರ್ಖಾನೆಯೇ ಮುಚ್ಚಿತು.

ಸಹಿ ಇಲ್ಲದಿರುವುದಕ್ಕೆ ಒಮ್ಮೊಮ್ಮೆ ತತ್ವವೂ ಕಾರಣ. ನೂತಯಾರ್ವಿಯ ಕಲಾನಿರ್ದೇಶಕರಾಗಿದ್ದ ಕಾಯ್ ಫ್ರಾಂಕ್ ದೊಡ್ಡ ಮನುಷ್ಯ. ದಿನಬಳಕೆಯ ವಸ್ತುಗಳ ಮೇಲೆ ವಿನ್ಯಾಸಕಾರನ ಹೆಸರು ಹಾಕಿ ಮಾರುವುದು ಸರಿಯಲ್ಲ ಎಂದು ಅರವತ್ತರ ದಶಕದಲ್ಲಿ ಅವರು ಬಹಿರಂಗವಾಗಿ ವಾದಿಸಿದರು. ಒಂದು ಲೋಟದ ಹಿಂದೆ ಬಹಳ ಜನರ ದುಡಿಮೆ ಇದೆ ಎಂಬುದು ಅವರ ನಿಲುವು. ನಾನು ಫ್ರಾಂಕ್ ಅವರ ಪಕ್ಷ.

ಏಕೆಂದರೆ, ಇಷ್ಟೆಲ್ಲ ಹುಡುಕಿ ನಾವು ಕಂಡುಕೊಳ್ಳುವ ಹೆಸರು ವಿನ್ಯಾಸಕಾರರದ್ದು. ಊದಿದವರದ್ದಲ್ಲ. ಸಾರ್ಪನೆವ ಅವರ ಓರ್ಕಿದೆಯ ಎಂಬ ಕಲಾಕೃತಿಯನ್ನೇ ನೋಡಿ. 1954ರಲ್ಲಿ ಅಮೆರಿಕದ ಹೌಸ್ ಬ್ಯೂಟಿಫುಲ್ ಪತ್ರಿಕೆ ಅದನ್ನು ಆ ವರ್ಷದ ಅತ್ಯಂತ ಸುಂದರ ವಸ್ತು ಎಂದು ಆರಿಸಿತು. ಅದನ್ನು ಮಾಡುವ ಬಗೆ ಹೀಗೆ. ಕಾದ ಗಾಜಿನ ಗಟ್ಟಿ ಉಂಡೆಗೆ ಒದ್ದೆಯಾದ ಮರದ ಕಡ್ಡಿಯನ್ನು ಚುಚ್ಚುತ್ತಾರೆ. ನೀರು ಕ್ಷಣದಲ್ಲಿ ಆವಿಯಾಗಿ ಹಿಗ್ಗುತ್ತದೆ, ಗಾಜಿನ ಒಡಲಲ್ಲಿ ಒಂದು ಹನಿಯಾಕಾರದ ಪೊಳ್ಳು ತೆರೆದುಕೊಳ್ಳುತ್ತದೆ. ಉಸಿರಿನ ಕೆಲಸವನ್ನು ಆವಿ ಮಾಡುತ್ತದೆ. ಕಡ್ಡಿ ಎಷ್ಟು ಒದ್ದೆ ಇರಬೇಕು, ಯಾವ ಗಳಿಗೆಯಲ್ಲಿ ಚುಚ್ಚಬೇಕು, ಯಾವಾಗ ಎಳೆಯಬೇಕು, ಇದು ಕಾಗದದ ಮೇಲಿನ ನಕ್ಷೆಯಲ್ಲಿ ಇರುವುದಿಲ್ಲ. ಕುಲುಮೆಯ ಮುಂದೆ ವರ್ಷಗಟ್ಟಲೆ ನಿಂತ ಊದುಗಾರನ ಕೈಗೆ ಮಾತ್ರ ಗೊತ್ತು. ವಿರ್ಕಲ 1946ರಲ್ಲಿ ರೂಪಿಸಿದ ಕಂತರೆಲ್ಲಿ ಹೂದಾನಿ ಅದೇ ಹೆಸರಿನ ಅಣಬೆಯ ರೂಪ. ತೆಳ್ಳನೆಯ ಬಾಯಿ ಅರಳಿ ಬಾಗಿದೆ, ಮೈಮೇಲೆ ಎಳೆಎಳೆಯಾದ ಉದ್ದ ಗೆರೆಗಳಿವೆ. ಅಂಚನ್ನು ಬಿಸಿಯಲ್ಲೇ ಅರಳಿಸಿದವನು ಒಬ್ಬ. ತಣ್ಣಗಾದ ಮೇಲೆ ತಿರುಗುವ ಚಕ್ರಕ್ಕೆ ಒಡ್ಡಿ ಒಂದೊಂದೇ ಗೆರೆ ಕೊರೆದವನು ಇನ್ನೊಬ್ಬ. ಒಂದು ಗೆರೆ ಜಾರಿದರೆ ಇಡೀ ವಸ್ತು ಹೋಯಿತು. ತಳದಲ್ಲಿ ಇವರಿಬ್ಬರ ಹೆಸರೂ ಇಲ್ಲ.

ನಮ್ಮ ಹೂದಾನಿಗೂ ಅದೇ ಮಾತು. ಕೊಳವೆಗೆ ಗಾಜು ತೆಗೆದವರು, ಸುಟ್ಟ ಅಚ್ಚಿನೊಳಗೆ ಊದಿದವರು, ಹೊಗೆಯ ನಡುವೆ ಅಚ್ಚನ್ನು ಮುಚ್ಚಿ ತೆರೆದವರು, ಒಳಗಿನ ಬಿಗಿತ ಬಿಡಲೆಂದು ಆರಿಸುವ ಒಲೆಯಲ್ಲಿ ನಿಧಾನವಾಗಿ ತಣಿಸಿದವರು, ಬಾಯಂಚನ್ನು ಕತ್ತರಿಸಿ ನುಣುಪುಮಾಡಿದವರು, ಕೊನೆಗೆ ಸಾರ್ಪನೆವ ಎಂದು ಸೂಜಿಯಿಂದ ಗೀಚಿದವರು. ಆ ಅಕ್ಷರಗಳು ಕೂಡ ಸಾಮಾನ್ಯವಾಗಿ ವಿನ್ಯಾಸಕಾರರ ಕೈಬರಹವಲ್ಲ, ಕಾರ್ಖಾನೆಯವರದು. ಒಂದು ವಸ್ತುವನ್ನು ಗುರುತಿಸಿದೆವು ಎಂದು ಹೇಳಬೇಕಾದರೆ, ಇಷ್ಟು ಜನರ ಕೆಲಸವನ್ನು ಅದರಲ್ಲಿ ಓದಲು ಕಲಿತಿರಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಹೆಸರು ಸಿಕ್ಕಿತು, ಬೆಲೆ ಗೊತ್ತಾಯಿತು ಎಂದು ಅಲ್ಲಿಗೇ ನಿಲ್ಲಿಸುವುದು ಅನ್ಯಾಯ.

ಈ ಕೈಗಳಿಗೆ ಈಗ ಒಂದಿಷ್ಟು ಮನ್ನಣೆ ಸಿಗುತ್ತಿದೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಕೈಯಿಂದ ಗಾಜು ಮಾಡುವ ವಿದ್ಯೆಯನ್ನು ಸೇರಿಸಿತು. ಫಿನ್ಲೆಂಡಿನ ಜೊತೆ ಫ್ರಾನ್ಸ್, ಜರ್ಮನಿ, ಚೆಕ್ ಗಣರಾಜ್ಯ, ಹಂಗೆರಿ, ಸ್ಪೇನ್ ದೇಶಗಳು ಒಟ್ಟಾಗಿ ಕೇಳಿಕೊಂಡಿದ್ದವು. ಅಷ್ಟರಲ್ಲಿ ನೂತಯಾರ್ವಿಯ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. 2014ರಲ್ಲಿ ಅಲ್ಲಿಯ ಕೆಲಸವನ್ನು ಈತ್ತಲಕ್ಕೆ ಸಾಗಿಸಿದರು. ನೂತಯಾರ್ವಿಯಲ್ಲಿ ಕಲಾವಿದ ಓಯಿವ ತೊಯಿಕ್ಕ 1972ರಲ್ಲಿ ಶುರುಮಾಡಿದ ಗಾಜಿನ ಹಕ್ಕಿಗಳನ್ನು ಈಗ ಈತ್ತಲದ ಊದುಗಾರರು ಊದುತ್ತಾರೆ.

ಇನ್ನು ಜೋಪಾನದ ಎರಡು ಮಾತು. ನಮ್ಮ ಊರುಗಳ ಬೋರ್‌ವೆಲ್ ನೀರು ಗಡಸು. ಹೂದಾನಿಯಲ್ಲಿ ಆ ನೀರು ತುಂಬಿ ಹೂವಿಟ್ಟರೆ ಒಳಗೆ ಸುಣ್ಣದ ಬಿಳಿ ಪೊರೆ ಕಟ್ಟುತ್ತದೆ. ದೊಡ್ಡಮ್ಮ ಹುಣಸೆಹುಳಿಯ ನೀರು ಹಾಕಿ ಅಲುಗಾಡಿಸುತ್ತಿದ್ದರು. ಅದು ಸರಿಯಾದ ಉಪಾಯವೇ. ಹುಳಿಗೆ ಸುಣ್ಣ ಕರಗುತ್ತದೆ. ಆದರೆ ತೆಂಗಿನ ನಾರು, ಬೂದಿ, ಪಾತ್ರೆ ಪುಡಿ ಹಾಕಿ ಉಜ್ಜಬಾರದು, ತಳವನ್ನಂತೂ ಉಜ್ಜಲೇಬಾರದು. ಬಿಸಿನೀರಿನಿಂದ ತಣ್ಣೀರಿಗೆ ಹಾಕಬಾರದು. ದಪ್ಪ ಗಾಜಿನ ಒಳಗು ಹೊರಗು ಒಂದೇ ವೇಗದಲ್ಲಿ ತಣಿಯುವುದಿಲ್ಲ, ಸೀಳುಬಿಡುತ್ತದೆ. ಚೀಟಿ ಅಂಟಿದ್ದರೆ ಅದಕ್ಕೆ ನೀರು ತಾಗಿಸಬೇಡಿ.

ವಸ್ತುವಿನ ಜೊತೆ ಒಂದು ಕಾಗದ ಬರೆದಿಡಿ. ಯಾರು ತಂದರು, ಎಲ್ಲಿಂದ, ಯಾವಾಗ, ಮನೆಯಲ್ಲಿ ಏನೆಂದು ಹೇಳುತ್ತಿದ್ದರು. ಅಳತೆ, ತಳದ ಬರಹ ಇದ್ದ ಹಾಗೆ. ಯಾವುದು ಖಚಿತ, ಯಾವುದು ಊಹೆ ಎಂದು ಬೇರೆ ಬೇರೆ ಬರೆಯಿರಿ. ನಾನು ಬರೆದಿಟ್ಟ ಕಾಗದದಲ್ಲಿ ತಿಮೊ ಎಂಬ ಸ್ನೇಹಿತರ ಮಾತೂ ಇದೆ, ಅದು ದೊಡ್ಡಮ್ಮ ಹೇಳಿದ್ದು ಎಂಬ ಸೂಚನೆಯೊಂದಿಗೆ. ಹೂದಾನಿಯನ್ನು ದೊಡ್ಡಪ್ಪನಿಗೆ ನಿಜವಾಗಿ ಒಬ್ಬ ಸ್ನೇಹಿತ ಕೊಟ್ಟಿರಲೂಬಹುದು. ಅವರ ಹೆಸರು ಬೇರೆ ಇರಬಹುದು, ಅಷ್ಟೆ.

ಈಗ ಹೆಲ್ಸಿಂಕಿ, ಎಸ್ಪೊ ಕಡೆ ಕೆಲಸಕ್ಕೆ ಹೋಗಿರುವ ಕನ್ನಡದ ಹುಡುಗ ಹುಡುಗಿಯರು ಇದ್ದಾರೆ. ಅವರಿಗೆ ಒಂದು ಮಾತು. ಹೆಲ್ಸಿಂಕಿಯಿಂದ ತಾಂಪೆರೆಗೆ ಹೋಗುವ ರೈಲು ದಾರಿಯಲ್ಲೇ ರೀಹಿಮ್ಯಾಕಿ ಸಿಗುತ್ತದೆ. ಅಲ್ಲಿಯ ಹಳೆಯ ಗಾಜಿನ ಕಾರ್ಖಾನೆಯ ಕಟ್ಟಡದಲ್ಲಿ ಫಿನ್ನಿಷ್ ಗಾಜಿನ ವಸ್ತುಸಂಗ್ರಹಾಲಯವಿದೆ. 1981ರಲ್ಲಿ ಆ ಕಟ್ಟಡಕ್ಕೆ ಹೊಸ ರೂಪ ಕೊಟ್ಟವರು ತಾಪಿಯೊ ವಿರ್ಕಲ ಅವರೇ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬನ್ನಿ. ಹೋಗುವ ಮೊದಲು ಊರಿಗೆ ಫೋನ್ ಮಾಡಿ, ಷೋಕೇಸಿನಲ್ಲಿರುವ ಗಾಜಿನ ಫೋಟೋ ತರಿಸಿಕೊಳ್ಳಿ. ಎದುರಿನಿಂದ ಒಂದು, ಮೇಲಿನಿಂದ ಬಾಯಿ ಕಾಣುವಂತೆ ಒಂದು, ಕಪ್ಪು ಬಟ್ಟೆಯ ಮೇಲೆ ತಳದ್ದು ಒಂದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಲು ಹೇಳಿ.